ಲಿಂಗ ಕಟ್ಟಿದ ಗರ್ಭಕ್ಕೆ ಸೂತಕವೆಲ್ಲಿಯದು?

ವೀರಶೈವ ಗೃಹಸ್ಥರ ಅನೇಕ ಮನೆತನಗಳಲ್ಲಿ, ಗರ್ಭಿಣಿಗೆ ಎಂಟನೆಯ ತಿಂಗಳಾದಾಗ ಗುರುಗಳನ್ನು ಬರಮಾಡಿಕೊಂಡು, ಇನ್ನೂ ಲೋಕದ ಬೆಳಕನ್ನು ಕಾಣದ ಶಿಶುವಿಗಾಗಿ ತಾಯಿಯ ಅಂಗದ ಮೇಲೆ ಲಿಂಗಧಾರಣೆ ಮಾಡಿಸುವ ಸಂಪ್ರದಾಯವುಂಟು. ಆ ಶಿಶುವು ಗಂಡೋ ಹೆಣ್ಣೋ ಎಂದು ಆಗ ಯಾರೂ ವಿಚಾರಿಸುವುದಿಲ್ಲ. ಅದು ರಕ್ತಮಾಂಸಗಳ ನಡುವೆ ಇದೆಯೆಂದು ಗುರುಗಳು ಹಿಂಜರಿಯುವುದೂ ಇಲ್ಲ. ಆದರೆ ಇಂತಹ ಕೆಲವು ಮನೆಗಳಲ್ಲಿಯೇ, ಅದೇ ತಾಯಿಯು ಮುಟ್ಟಾದ ದಿನಗಳಲ್ಲಿ ದೇವರ ಕೋಣೆಯ ಹೊಸ್ತಿಲಾಚೆ ನಿಲ್ಲಬೇಕಾಗುತ್ತದೆ. ಹೆಣ್ಣು ಹೆತ್ತಳೆಂದು ಕೇಳಿ ಹಿರಿಯರ ಮುಖವು ಬಾಡುತ್ತದೆ. ಗರ್ಭಕ್ಕೆ ಲಿಂಗವನ್ನು ಕಟ್ಟಿದ ಮನೆಯು ಆ ಗರ್ಭವನ್ನು ಹೊತ್ತವಳಿಗೆ ಸೂತಕವನ್ನು ಕಟ್ಟಬಹುದೆ?

ಹನ್ನೆರಡನೆಯ ಶತಮಾನದ ಶರಣರು ಈ ಪ್ರಶ್ನೆಗೆ ಸಂಶಯಕ್ಕೆಡೆಯಿಲ್ಲದಂತೆ ಉತ್ತರಿಸಿದ್ದಾರೆ. ಜಾತಿ, ಜನನ, ಪ್ರೇತ, ರಜಸ್ಸು, ಉಚ್ಛಿಷ್ಟವೆಂಬ ಪಂಚಸೂತಕಗಳು ಲಿಂಗವಂತರಿಗಿಲ್ಲವೆಂಬುದು ಅವರ ನಿಲುವು. ತಾಯಿಯ ರಜಸ್ಸಿಲ್ಲದೆ ಪಿಂಡಕ್ಕೆ ನೆಲೆಯೇ ಇಲ್ಲ, ಎಲ್ಲರ ಹುಟ್ಟಿನ ಬಗೆಯೂ ಒಂದೇ, ಹೀಗಿರಲು ಕುಲದ ಹೆಮ್ಮೆಯೆಲ್ಲಿಯದು ಎಂಬ ಆಶಯವನ್ನು ಬಸವಣ್ಣನವರು ವಚನವೊಂದರಲ್ಲಿ ತೋರಿದ್ದಾರೆ.

ಹುಟ್ಟಿನ ಬಗೆಯನ್ನು ಶಾಸ್ತ್ರದೃಷ್ಟಿಯಿಂದ ಅರಿತರೆ ಈ ಮಾತಿನ ಬೆಲೆ ಇನ್ನೂ ಸ್ಪಷ್ಟವಾಗುವುದು. ಸುಶ್ರುತಸಂಹಿತೆಯು ಗರ್ಭೋತ್ಪತ್ತಿಯನ್ನು ಮೊಳಕೆಗೆ ಹೋಲಿಸಿ ಋತು, ಕ್ಷೇತ್ರ, ಅಂಬು, ಬೀಜಗಳೆಂಬ ನಾಲ್ಕರ ಕೂಟವನ್ನು ಹೇಳಿದೆ. ಇಂದಿನ ವೈದ್ಯವಿಜ್ಞಾನವು ಆ ಹೊಲವನ್ನೇ ಸೂಕ್ಷ್ಮದರ್ಶಕದಿಂದ ಕಂಡಿದೆ. ತಿಂಗಳಿಗೊಮ್ಮೆ ಗರ್ಭಕೋಶದ ಒಳಪದರವು ರಕ್ತನಾಳಗಳಿಂದ ತುಂಬಿ, ಹದಗೊಂಡ ನೆಲದಂತೆ ಮೃದುವಾಗಿ ದಪ್ಪವಾಗುತ್ತದೆ. ಅಂಡಾಶಯದಿಂದ ಹೊರಟ ಅಂಡವು ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು ಮಾತ್ರ ಇದ್ದು, ಸುಮಾರು ಒಂದು ದಿನ ಜೀವಶಕ್ತಿಯಿಂದಿರುತ್ತದೆ. ಅಷ್ಟರಲ್ಲಿ ವೀರ್ಯಾಣುವು ಅದನ್ನು ಕೂಡಿದರೆ ಅಂಡನಾಳದಲ್ಲಿ ಪಿಂಡವು ಆರಂಭವಾಗಿ, ಸುಮಾರು ಒಂದು ವಾರದಲ್ಲಿ ಗರ್ಭಕೋಶವನ್ನು ಸೇರಿ ಆ ಪದರದಲ್ಲಿ ಬೇರೂರುತ್ತದೆ. ಕೂಡದಿದ್ದರೆ, ಅತಿಥಿಗಾಗಿ ಹಾಸಿದ ಹಾಸಿಗೆಯನ್ನು ಅತಿಥಿ ಬಾರದಿರಲು ತೆಗೆದಿಡುವಂತೆ, ಆ ಪದರವು ಕಳಚಿ ಹೊರಬರುತ್ತದೆ. ಇದೇ ರಜಸ್ಸು. ಯಾವ ಪದರವು ಪಿಂಡಕ್ಕೆ ಮೊದಲ ಮನೆಯಾಗುವುದೋ ಅದೇ ಹೊರಬಂದಾಗ ಮೈಲಿಗೆಯೆನ್ನುವುದು ಯಾವ ನ್ಯಾಯ?

ಮುಂದೆ ಮೂರನೆಯ ವಾರ ಕಳೆಯುವಷ್ಟರಲ್ಲಿ ಪಿಂಡದ ಹೃದಯವು ಮಿಡಿಯತೊಡಗುತ್ತದೆ. ತಾಯಿಯ ರಕ್ತವೂ ಮಗುವಿನ ರಕ್ತವೂ ಸಾಮಾನ್ಯವಾಗಿ ನೇರವಾಗಿ ಬೆರೆಯುವುದಿಲ್ಲ. ಮಾಸುವಿನ ತೆಳುವಾದ ತೆರೆಯ ಮೂಲಕ ಅನ್ನ, ಪ್ರಾಣವಾಯುಗಳು ಮಗುವಿಗೆ ಸಾಗಿ, ಕಶ್ಮಲವು ತಾಯಿಯ ಕಡೆಗೆ ಮರಳುತ್ತದೆ. ಮಗುವಿನ ಮಲವನ್ನು ತನ್ನ ರಕ್ತದಲ್ಲಿ ತೆಗೆದುಕೊಂಡು ತನ್ನ ಸಾರವನ್ನು ಅದಕ್ಕೆ ಕೊಡುವ ಈ ದಾಸೋಹವು, ಕೊನೆಯ ಮುಟ್ಟಿನಿಂದ ಎಣಿಸಿದರೆ ಸರಾಸರಿ 280 ದಿನ ನಡೆಯುತ್ತದೆ.

ಮುಟ್ಟಿನಲ್ಲಿ ದೂರವಿರಿಸುವುದು ವಿಶ್ರಾಂತಿಗಾಗಿ ಎಂದು ಕೆಲವು ಹಿರಿಯರು ಸಮಾಧಾನ ಹೇಳುವುದುಂಟು. ವಿಶ್ರಾಂತಿಯು ಬೇಕಾದದ್ದೇ, ಬಾಣಂತಿಗೂ ಬೇಕು. ಆದರೆ ವಿಶ್ರಾಂತಿಯನ್ನು ಪ್ರೀತಿಯಿಂದ ಕೊಡಬೇಕು. ಲಿಂಗಪೂಜೆಯನ್ನು ತಡೆದು, ಮುಟ್ಟಿದ್ದನ್ನು ತೊಳೆಸಿ ಕೊಡುವುದು ವಿಶ್ರಾಂತಿಯೆನಿಸದು. ಅಂಗದ ಮೇಲೆ ಲಿಂಗವಿದ್ದವಳನ್ನು ಅಶುದ್ಧಳೆಂದರೆ ಆ ಮಾತು ಲಿಂಗಕ್ಕೂ ತಗಲುತ್ತದೆ.

ಇನ್ನು ಹೆಣ್ಣು ಹೆತ್ತವಳ ಮೇಲಿನ ದೂರು. ಶುಕ್ರವು ಹೆಚ್ಚಿದರೆ ಗಂಡು, ಆರ್ತವವು ಹೆಚ್ಚಿದರೆ ಹೆಣ್ಣು ಎಂದು ಪ್ರಾಚೀನ ವೈದ್ಯರು ಊಹಿಸಿದ್ದರು. ಪೂರ್ವಿಕರನ್ನು ಗೌರವಿಸುವುದೆಂದರೆ ಅವರ ಊಹೆಯು ತಪ್ಪೆಂದು ತಿಳಿದ ಮೇಲೂ ಅದಕ್ಕೇ ಜೋತುಬೀಳುವುದಲ್ಲ. 1905ರಲ್ಲಿ ನೆಟ್ಟಿ ಸ್ಟೀವನ್ಸ್ ಎಂಬ ಅಮೆರಿಕದ ವಿದುಷಿಯು ಹುಳುಗಳ ವೀರ್ಯಾಣುಗಳನ್ನು ಪರೀಕ್ಷಿಸಿ, ಗಂಡುಹೆಣ್ಣೆಂಬ ಭೇದಕ್ಕೆ ವರ್ಣತಂತುವೇ ಕಾರಣವೆಂದು ತೋರಿದಳು. ಮನುಷ್ಯರಲ್ಲಿ ತಾಯಿಯಿಂದ 23, ತಂದೆಯಿಂದ 23 ವರ್ಣತಂತುಗಳು ಕೂಡಿ 46 ಆಗುತ್ತವೆ. ತಾಯಿಯ ಅಂಡವು ಸಾಮಾನ್ಯವಾಗಿ ಎಕ್ಸ್ ಎಂಬುದನ್ನೇ ಕೊಡುತ್ತದೆ. ತಂದೆಯ ವೀರ್ಯಾಣುವು ಎಕ್ಸ್ ತಂದರೆ ಹೆಣ್ಣು, ವೈ ತಂದರೆ ಗಂಡು. ಹಾಗೆಂದು ದೂರನ್ನು ತಂದೆಯ ಮೇಲೆ ಹೊರಿಸುವುದೂ ಸಲ್ಲದು. ಯಾವ ವೀರ್ಯಾಣುವು ಮುಂದಾಗುವುದೆಂಬುದು ಅವನ ಇಚ್ಛೆಯಲ್ಲಿಲ್ಲ. ಹೆಣ್ಣು ಹುಟ್ಟಿದುದು ದೋಷವೇ ಅಲ್ಲದಿರುವಾಗ ದೋಷಿಯನ್ನು ಹುಡುಕುವುದೇಕೆ?

ಭ್ರೂಣದ ಲಿಂಗವನ್ನು ಪತ್ತೆಹಚ್ಚಿ ತಿಳಿಸುವುದನ್ನು 1994ರ ಶಾಸನವು ನಿಷೇಧಿಸಿದೆ. ಶಾಸನವು ಶಿಕ್ಷೆಯ ಭಯದಿಂದ ತಡೆಯುವುದನ್ನು ಭಕ್ತನು ಆಚಾರದಿಂದಲೇ ತಡೆಯಬೇಕು. ಕೂಸನ್ನು ನೋಡುವ ಮೊದಲೇ ಅದನ್ನು ಶಿವಭಕ್ತನೆಂದು ಒಪ್ಪಿಕೊಂಡ ಮನೆಯು, ನೋಡಿದ ಮೇಲೆ ಅದನ್ನು ಒಲ್ಲೆನೆಂದರೆ ಗುರುವಿಗೆ ಕೊಟ್ಟ ಮಾತಿಗೆ ತಪ್ಪಿದಂತೆ. ಆದ್ದರಿಂದ ಸದ್ಭಕ್ತರು ಗರ್ಭಲಿಂಗಧಾರಣೆಯ ದಿನದಂದು ಎರಡು ಸಂಕಲ್ಪಗಳನ್ನು ಮಾಡಲಿ: ಈ ತಾಯಿಯನ್ನು ಯಾವ ದಿನವೂ ಮೈಲಿಗೆಯೆಂದು ಪೂಜೆಯಿಂದ ದೂರವಿಡೆವು, ಬರುವ ಕೂಸು ಹೆಣ್ಣಾದರೂ ಗಂಡಾದರೂ ಒಂದೇ ಸಂತೋಷದಿಂದ ತೊಟ್ಟಿಲಿಗೆ ಹಾಕುವೆವು. ಆಗ ಆ ಮನೆಯಲ್ಲಿ ಕಟ್ಟಿದ ಲಿಂಗವು ಸಾರ್ಥಕವಾಗುವುದು.