ಪಾಠಶಾಲೆಯ ಸೇವೆ: ನಿತ್ಯವೋ ಕಾಮ್ಯವೋ?

ಇಂದಿನ ಖಾಸಗಿ ಪ್ರೌಢಶಾಲೆಗಳ ವಿವರಣ ಪತ್ರಿಕೆಗಳನ್ನು ತೆರೆದು ನೋಡಿದರೆ ಸಾಮಾನ್ಯವಾಗಿ ಎರಡು ಪಟ್ಟಿಗಳು ಕಾಣಬರುತ್ತವೆ. ಒಂದರಲ್ಲಿ ಗಣಿತ, ವಿಜ್ಞಾನ, ಭಾಷೆ, ಚರಿತ್ರೆ ಮೊದಲಾದ ಪಾಠಗಳು. ಮತ್ತೊಂದರಲ್ಲಿ ಆಟ, ಸಂಗೀತ, ನಾಟಕ, ಗಿರಿಯಾತ್ರೆ, ಸಮಾಜಸೇವೆ ಮೊದಲಾದುವು. ಈ ಎರಡನೆಯ ಗುಂಪಿಗೆ ಕನ್ನಡದಲ್ಲಿ ‘ಪಠ್ಯೇತರ’ವೆಂಬ ಹೆಸರು ರೂಢಿಯಾಗಿದೆ. ‘ಇತರ’ವೆಂಬ ಶಬ್ದವು ಒಂದು ವಸ್ತು ಏನಲ್ಲವೆಂಬುದನ್ನು ತಿಳಿಸುವುದೇ ಹೊರತು ಅದು ಏನೆಂಬುದನ್ನು ತಿಳಿಸುವುದಿಲ್ಲ. ಆಟಪಾಟಗಳ ವಿಷಯದಲ್ಲಿ ಈ ಅಸ್ಪಷ್ಟತೆಯಿಂದ ದೊಡ್ಡ ಹಾನಿಯೇನೂ ಇಲ್ಲ. ಸೇವೆಯ ವಿಷಯದಲ್ಲಿ ಹಾಗೆ ಹೇಳಲಾಗದು. ಪರರ ಕಷ್ಟಕ್ಕೆ ಒದಗುವುದು ಧರ್ಮವೆಂದು ಎಲ್ಲರೂ ಒಪ್ಪಿರುವರಷ್ಟೆ. ಆ ಧರ್ಮವನ್ನು ಬುಧವಾರ ಮಧ್ಯಾಹ್ನ ಎರಡು ಗಂಟೆಗೆ ಎಂದು ವೇಳಾಪಟ್ಟಿಯಲ್ಲಿ ಬರೆದು, ಹಾಜರಿ ತೆಗೆದುಕೊಂಡು, ವರ್ಷಾಂತ್ಯದಲ್ಲಿ ಪ್ರಮಾಣಪತ್ರವನ್ನು ಕೊಟ್ಟರೆ, ಅದು ಧರ್ಮವಾಗಿಯೇ ಉಳಿಯುವುದೋ, ಇಲ್ಲವೆ ಮತ್ತೊಂದು ಪರೀಕ್ಷೆಯಾಗಿ ಪರಿಣಮಿಸುವುದೋ ಎಂಬುದು ವಿಚಾರಾರ್ಹವಾದ ಸಂಶಯ.

ಸಾಮಾನ್ಯ ಮಾತುಗಳಿಂದ ಈ ಸಂಶಯವು ತೀರುವಂತಿಲ್ಲ. ಒಂದು ದೃಷ್ಟಾಂತವನ್ನು ಹಿಡಿದು ವಿಚಾರಿಸುವುದು ಮೇಲು. ಸೇವೆಯನ್ನು ಪಾಠಕ್ಕೆ ಸಮನಾಗಿ ಶಾಲೆಯೊಳಗೆ ಕೂಡಿಸಿದವರಲ್ಲಿ ಕುರ್ಟ್ ಹಾನ್ ಎಂಬಾತನು ಪ್ರಸಿದ್ಧನು. ಈತನು 1886ರಲ್ಲಿ ಬರ್ಲಿನ್ ನಗರದ ಯೆಹೂದಿ ಕುಟುಂಬದಲ್ಲಿ ಹುಟ್ಟಿ, ಜರ್ಮನಿಯ ಚಕ್ರಾಧಿಪತ್ಯದ ಕೊನೆಯ ದಿನಗಳಲ್ಲಿ ಪ್ರಧಾನನಾಗಿದ್ದ ಬಾಡೆನ್ನಿನ ರಾಜಕುಮಾರ ಮ್ಯಾಕ್ಸನಿಗೆ ಆಪ್ತಕಾರ್ಯದರ್ಶಿಯಾಗಿದ್ದನು. ಮೊದಲನೆಯ ಮಹಾಯುದ್ಧದಲ್ಲಿ ದೇಶವು ಸೋತ ಬಳಿಕ, 1920ರಲ್ಲಿ, ಇವರಿಬ್ಬರೂ ಸೇರಿ ಸಾಲೆಮ್ ಎಂಬಲ್ಲಿ ರಾಜಕುಮಾರನ ಅರಮನೆಯಲ್ಲಿಯೇ ಒಂದು ಶಾಲೆಯನ್ನು ಸ್ಥಾಪಿಸಿದರು. 1932ರಲ್ಲಿ ಪೊಟೆಂಪ ಎಂಬ ಹಳ್ಳಿಯಲ್ಲಿ ನಾಟ್ಸಿ ಪಕ್ಷದ ದಂಡಾಳುಗಳು ಒಬ್ಬ ಕೂಲಿಕಾರನನ್ನು ಕೊಂದರು. ಅಪರಾಧಿಗಳಿಗೆ ಹಿಟ್ಲರನು ತಂತಿಯ ಮೂಲಕ ತನ್ನ ಬೆಂಬಲವನ್ನು ತಿಳಿಸಿದನು. ಆಗ ಹಾನನು ಸಾಲೆಮಿನ ಹಳೆಯ ವಿದ್ಯಾರ್ಥಿಗಳಿಗೆಲ್ಲ ಪತ್ರ ಬರೆದು, ಆ ದಂಡುಗಳಲ್ಲಿ ಸೇರಿರುವವರು ಹಿಟ್ಲರನನ್ನಾದರೂ ಬಿಡಬೇಕು, ಸಾಲೆಮನ್ನಾದರೂ ಬಿಡಬೇಕು ಎಂದು ಕೇಳಿಕೊಂಡನು. ಮರುವರ್ಷ ಹಿಟ್ಲರನು ಅಧಿಕಾರಕ್ಕೆ ಬಂದೊಡನೆ ಹಾನನಿಗೆ ಸೆರೆಮನೆ ಪ್ರಾಪ್ತವಾಯಿತು. ಬ್ರಿಟಿಷ್ ಮಿತ್ರರ ಪ್ರಯತ್ನದಿಂದ ಬಿಡುಗಡೆ ಹೊಂದಿ, ಆ ದೇಶವನ್ನು ಸೇರಿ, 1934ರಲ್ಲಿ ಸ್ಕಾಟ್ಲೆಂಡಿನ ಉತ್ತರ ತೀರದಲ್ಲಿ ಗಾರ್ಡನ್‌ಸ್ಟನ್ ಎಂಬ ಶಾಲೆಯನ್ನು ತೆರೆದನು.

ಈ ಶಾಲೆಯ ದಿನಚರಿಯು ಗಮನಿಸತಕ್ಕುದು. ಬೆಳಗಿನ ಓಟ ಮತ್ತು ತಣ್ಣೀರಿನ ಸ್ನಾನ, ಬಳಿಕ ಪಾಠಗಳು, ಪಾಠಗಳ ನಡುವೆಯೇ ದೇಹಸಾಧನೆಗೆಂದು ಮೀಸಲಾದ ವೇಳೆ, ಮೌನವಾಗಿ ಇರತಕ್ಕ ಹೊತ್ತು, ತಾನೇ ಆರಿಸಿಕೊಂಡ ಒಂದು ಕೆಲಸವನ್ನು ಕೊನೆಮುಟ್ಟಿಸುವ ವ್ಯಾಸಂಗ, ನೌಕಾಯಾನ. ಆಟಗಳಿಗೆ ಸ್ಥಾನವುಂಟು, ಆದರೆ ಪ್ರಾಧಾನ್ಯವಿಲ್ಲ. ಇವೆಲ್ಲಕ್ಕೂ ಮೇಲಾಗಿ ಸೇವೆ: ಬಿರುಗಾಳಿಯ ರಾತ್ರಿಗಳಲ್ಲಿ ತೀರರಕ್ಷಕರೊಡನೆ ಸಮುದ್ರವನ್ನು ಕಾಯುವುದು, ಬೆಂಕಿ ಬಿದ್ದಲ್ಲಿಗೆ ಓಡುವುದು, ಬೆಟ್ಟದಲ್ಲಿ ದಾರಿತಪ್ಪಿದವರನ್ನು ಹುಡುಕುವುದು. ಇದಲ್ಲದೆ ಪ್ರತಿ ಬಾಲಕನ ಬಳಿಯಲ್ಲಿಯೂ ಒಂದು ಸಾಧನಾಪತ್ರವಿರುತ್ತಿತ್ತು. ಆ ದಿನ ಮಾಡಬೇಕಾದ ಸಣ್ಣ ಸಣ್ಣ ನಿಯಮಗಳನ್ನು ನಡೆಸಿದನೇ ಇಲ್ಲವೇ ಎಂಬುದನ್ನು ರಾತ್ರಿ ಮಲಗುವ ಮುನ್ನ ಅವನೇ ಅದರಲ್ಲಿ ಕೂಡು ಅಥವಾ ಕಳೆ ಎಂಬ ಗುರುತಿನಿಂದ ಬರೆಯಬೇಕು. ನಂಬಿಕೆಯ ಮೇಲೆ ನಡೆಯುವ ಈ ಲೆಕ್ಕಕ್ಕೆ ಅವನೇ ಸಾಕ್ಷಿ, ಅವನೇ ನ್ಯಾಯಾಧೀಶ.

ಇಲ್ಲಿ ಮೊದಲನೆಯ ಪೂರ್ವಪಕ್ಷವು ಪಂಡಿತರದು. ಶಾಲೆಯಿರುವುದು ವಿದ್ಯೆಗಾಗಿ, ದೋಣಿ ಕಾಯುವುದಕ್ಕೆ ಅಂಬಿಗರುಂಟು, ಬೆಂಕಿ ನಂದಿಸುವುದಕ್ಕೆ ನೌಕರರುಂಟು, ಹುಡುಗನು ಓದುವ ವಯಸ್ಸಿನಲ್ಲಿ ಓದಲಿ, ವಿದ್ಯೆಯಿಂದ ವಿನಯವು ತಾನಾಗಿಯೇ ಬರುವುದು ಎಂದು ಅವರು ಹೇಳುವರು. ವಿದ್ಯೆಯಿಂದ ವಿನಯವು ಬರುವುದುಂಟು. ಆದರೆ ತಾನಾಗಿಯೇ ಬರುವುದೆಂಬ ನಿಯಮವಿಲ್ಲವೆಂಬುದಕ್ಕೆ ಆ ಜರ್ಮನಿಯೇ ಸಾಕ್ಷಿ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಆ ದೇಶದ ವಿಶ್ವವಿದ್ಯಾನಿಲಯಗಳಿಗೆ ಮಿಗಿಲಾದುವು ವಿರಳವಾಗಿದ್ದುವು. 1933ರಲ್ಲಿ ಯೆಹೂದಿ ಪ್ರಾಧ್ಯಾಪಕರನ್ನು ಹುದ್ದೆಗಳಿಂದ ಹೊರಹಾಕಿದಾಗ, ಅವರ ಜೊತೆಯಲ್ಲಿ ಕುಳಿತು ಗ್ರಂಥಗಳನ್ನು ಬರೆದಿದ್ದ ವಿದ್ವಾಂಸರಲ್ಲಿ ಬಾಯಿ ತೆರೆದವರು ಕೆಲವರೇ. ಓದಿನ ಕೊರತೆಯಿಂದ ಆದ ಅನರ್ಥ ಅದಲ್ಲ. ತಿಳಿದುದನ್ನು ನಡೆಸುವ ಅಭ್ಯಾಸವಿಲ್ಲದಿದ್ದರೆ ತಿಳಿವಳಿಕೆಯು ಆಪತ್ಕಾಲದಲ್ಲಿ ಕೈಕೊಡುವುದೆಂಬುದು ಅದರಿಂದ ಸಿದ್ಧವಾಗುತ್ತದೆ.

ಎರಡನೆಯ ಪೂರ್ವಪಕ್ಷವು ಸ್ವಾತಂತ್ರ್ಯವಾದಿಗಳದು. ಬಲಾತ್ಕಾರದಿಂದ ಮಾಡಿಸಿದ ದಾನವು ದಾನವಲ್ಲ. ಹಾಗೆಯೇ ವೇಳಾಪಟ್ಟಿಗೆ ಹೆದರಿ ಮಾಡಿದ ಸೇವೆಯು ಸೇವೆಯಲ್ಲ ಎಂಬುದು ಅವರ ಮತ. ಪ್ರೌಢರ ವಿಷಯದಲ್ಲಿ ಈ ಮಾತು ಸರಿ. ಬಾಲಕನ ವಿಷಯದಲ್ಲಿ ಅದು ಪೂರ್ತಿಯಾಗಿ ನಿಲ್ಲಲಾರದು. ನ್ಯಾಯವಾದ ಕೆಲಸಗಳನ್ನು ಮಾಡುತ್ತ ಮಾಡುತ್ತಲೇ ಮನುಷ್ಯನು ನ್ಯಾಯವಂತನಾಗುವನೆಂದು ಗ್ರೀಕ್ ದೇಶದ ಅರಿಸ್ಟಾಟಲನು ಪ್ರತಿಪಾದಿಸಿದನು. ಭಾರತದ ಸಂಪ್ರದಾಯದಲ್ಲಿ ಇದಕ್ಕೆ ಸಂಸ್ಕಾರವೆಂದು ಹೆಸರು. ಎಂಟು ವರ್ಷದ ವಟುವಿಗೆ ಅರ್ಥವು ತಿಳಿದ ಮೇಲೆಯೇ ಸಂಧ್ಯಾವಂದನೆಯನ್ನು ಮಾಡೆಂದು ಯಾವ ತಂದೆಯೂ ಹೇಳಿದುದಿಲ್ಲ. ಮೊದಲು ಕೈ ಕಲಿಯುವುದು, ಆಮೇಲೆ ಮನಸ್ಸು ಕಲಿಯುವುದು. ಹೀಗಿರಲಾಗಿ, ಸೇವೆಯು ವಿಧಿಯಾದ ಮಾತ್ರಕ್ಕೆ ಕೆಡುವುದೆಂದು ಹೇಳಲಾಗದು.

ಮೂರನೆಯ ಪೂರ್ವಪಕ್ಷವು ಎಲ್ಲಕ್ಕಿಂತ ಕಠಿನವಾದುದು. ಮುಂಜಾನೆಯ ಓಟ, ಶಿಬಿರ, ಗಿರಿಯಾತ್ರೆ, ಕಷ್ಟಸಹಿಷ್ಣುತೆ, ಸಾಮೂಹಿಕ ಶಿಸ್ತು ಇವೇ ಧರ್ಮವನ್ನು ಕೊಡುವುದಾದರೆ, ಇವೆಲ್ಲವೂ ಹಿಟ್ಲರನ ಬಾಲದಂಡಿನಲ್ಲಿಯೂ ಇದ್ದುವಲ್ಲವೇ? 1936ರ ಕಾನೂನಿನಿಂದ ಜರ್ಮನಿಯ ಬಾಲಕಬಾಲಿಕೆಯರೆಲ್ಲರೂ ಆ ಸಂಸ್ಥೆಯೊಳಗೆ ಸೇರತಕ್ಕವರೆಂದು ವಿಧಿಸಲ್ಪಟ್ಟಿತು. ಅವರೂ ಬೆಟ್ಟ ಹತ್ತಿದರು, ಹಾಡಿದರು, ತ್ಯಾಗದ ಮಾತುಗಳನ್ನು ಕಲಿತರು. ‘ಪಠ್ಯೇತರ’ವಾದುದೆಲ್ಲವೂ ಶೀಲವನ್ನು ಬೆಳೆಸುವುದೆಂಬ ವಿವರಣ ಪತ್ರಿಕೆಗಳ ಮಾತಿಗೆ ಇದಕ್ಕಿಂತ ದೊಡ್ಡ ಬಾಧಕವಿಲ್ಲ. ಗಾರ್ಡನ್‌ಸ್ಟನ್ನಿಗೂ ಆ ದಂಡಿಗೂ ಹೊರಗಣ ಆಚರಣೆಯಲ್ಲಿ ಹೋಲಿಕೆಯುಂಟೆಂಬುದನ್ನು ಮರೆಮಾಡದೆ ಒಪ್ಪಿ, ಭೇದವನ್ನು ಒಳಗೆ ಹುಡುಕಬೇಕಾಗುತ್ತದೆ.

ಈ ಹುಡುಕಾಟದಲ್ಲಿ ಪೂರ್ವಮೀಮಾಂಸೆಯ ಒಂದು ವಿಭಾಗವು ದೀಪದಂತೆ ಒದಗುತ್ತದೆ. ಮೀಮಾಂಸಕರು ಕರ್ಮವನ್ನು ನಿತ್ಯ, ನೈಮಿತ್ತಿಕ, ಕಾಮ್ಯ ಎಂದು ಮೂರಾಗಿ ವಿಂಗಡಿಸುವರು. ನಿತ್ಯವನ್ನು ದಿನದಿನವೂ ಮಾಡಬೇಕು. ಮಾಡಿದುದಕ್ಕೆ ಬೇರೊಂದು ಬಹುಮಾನವನ್ನು ಬಯಸತಕ್ಕುದಲ್ಲ, ಬಿಟ್ಟರೆ ಮಾತ್ರ ದೋಷವುಂಟು. ನೈಮಿತ್ತಿಕವನ್ನು ಗ್ರಹಣಾದಿ ನಿಮಿತ್ತವು ಬಂದಾಗ ಮಾಡಬೇಕು. ಕಾಮ್ಯವನ್ನು ಮಳೆ, ಪಶು, ಸ್ವರ್ಗ ಮೊದಲಾದ ಫಲವನ್ನು ಬಯಸುವವನು ಮಾಡುವನು. ಕರ್ಮದ ಹೊರರೂಪವನ್ನು ನೋಡಿ ಈ ಭೇದವನ್ನು ಹೇಳಲಾಗದು. ಅಗ್ನಿಹೋತ್ರವೊಂದೇ ನಿತ್ಯವೂ ಆಗಬಹುದು, ಕಾಮ್ಯವೂ ಆಗಬಹುದು. ಅಧಿಕಾರವಾಕ್ಯವು ಬೇರೆಯಾದರೆ, ಎಂದರೆ ಅದನ್ನು ಯಾರು, ಏತಕ್ಕಾಗಿ ಮಾಡುವರು ಎಂಬುದು ಬೇರೆಯಾದರೆ, ಅದೇ ಹೋಮವು ಬೇರೆ ಕರ್ಮದಂತೆ ನಿಲ್ಲುವುದು.

ಇದನ್ನು ಶಾಲೆಗೆ ಹೊಂದಿಸಿ ನೋಡಬಹುದು. ಸಮುದ್ರದ ಕಾವಲು ನಿತ್ಯಸ್ಥಾನದಲ್ಲಿರುವುದು. ಅನೇಕ ರಾತ್ರಿಗಳಲ್ಲಿ ಏನೂ ಸಂಭವಿಸುವುದಿಲ್ಲ. ಆದರೂ ಕಾಯಬೇಕು, ಏಕೆಂದರೆ ಬಿಟ್ಟ ರಾತ್ರಿಯಲ್ಲಿಯೇ ಹಡಗು ಒಡೆಯಬಹುದು. ಬೆಂಕಿ ಬಿದ್ದಾಗ ಓಡುವುದು ನೈಮಿತ್ತಿಕ. ಈ ಎರಡರಲ್ಲಿಯೂ ಬಾಲಕನ ದೃಷ್ಟಿಯು ತನ್ನ ಮೇಲಿರದೆ ಆಪತ್ತಿನಲ್ಲಿರುವವನ ಮೇಲಿರುತ್ತದೆ. ಆ ಆಪನ್ನನು ಯಾವ ಕುಲದವನು, ಯಾವ ಮತದವನು ಎಂದು ಕೇಳುವ ಅವಕಾಶವೇ ಅಲ್ಲಿಲ್ಲ. ಹಿಟ್ಲರನ ದಂಡಿನಲ್ಲಿ ಎಲ್ಲ ಸಾಧನೆಯೂ ಸ್ವಜಾತಿಯ ಮಹಿಮೆಯೆಂಬ ಫಲವನ್ನು ಬಯಸಿ ಮಾಡಿದುದು. ಇದಲ್ಲದೆ ಅಲ್ಲಿ ಬಾಲಕನ ಮನಸ್ಸಾಕ್ಷಿಯ ಸ್ಥಾನವನ್ನು ನಾಯಕನ ಆಜ್ಞೆಯು ಆಕ್ರಮಿಸಿತ್ತು. ಇಲ್ಲಿ ಆ ಸ್ಥಾನವನ್ನು ಸಾಧನಾಪತ್ರವು ಬಾಲಕನಿಗೇ ಒಪ್ಪಿಸಿತ್ತು. ಬೆಟ್ಟವು ಒಂದೇ, ಓಟವು ಒಂದೇ. ಏತಕ್ಕಾಗಿ ಎಂಬುದು ಬೇರೆ, ಯಾರ ಸಾಕ್ಷಿಯಲ್ಲಿ ಎಂಬುದು ಬೇರೆ.

ಮೀಮಾಂಸಕರ ಇನ್ನೊಂದು ನ್ಯಾಯವು ಅಧ್ಯಾಪಕರಿಗೆ ವಿಶೇಷವಾಗಿ ಉಪಕಾರಕವಾದುದು. ಕಾಮ್ಯಕರ್ಮದಲ್ಲಿ ಒಂದು ಅಂಗವು ಲೋಪವಾದರೂ ಫಲವು ತಪ್ಪುವುದು. ಆದುದರಿಂದ ಸರ್ವಾಂಗಗಳನ್ನೂ ನಡೆಸಲು ಶಕ್ತನಾದವನಿಗೆ ಮಾತ್ರ ಅದರಲ್ಲಿ ಅಧಿಕಾರ. ನಿತ್ಯಕರ್ಮವನ್ನಾದರೋ ಯಥಾಶಕ್ತಿಯಾಗಿ ಮಾಡಿದರೂ ಸಾಕು. ಪಂದ್ಯ, ಪಾರಿತೋಷಕ, ಪ್ರದರ್ಶನಗಳೆಲ್ಲವೂ ಕಾಮ್ಯದ ಜಾತಿಗೆ ಸೇರಿದುವು. ಅವುಗಳಲ್ಲಿ ಕುಂಟುವವನು ಸೋತನೆಂದೇ ಲೆಕ್ಕ. ಆಟದ ಬಯಲಿನ ಅಂಚಿನಲ್ಲಿ ಇತರರ ಅಂಗಿಗಳನ್ನು ಕಾಯುತ್ತ ಕುಳಿತುಕೊಳ್ಳುವ ಹುಡುಗನು ಯಾವ ಶಾಲೆಯಲ್ಲಿಯೂ ಇಲ್ಲದಿಲ್ಲ. ವಿವರಣ ಪತ್ರಿಕೆಯ ಚಿತ್ರಗಳಲ್ಲಿ ಅವನು ಕಾಣಿಸುವುದಿಲ್ಲ. ಸೇವೆಯು ನಿತ್ಯವಾಗಿರುವ ಶಾಲೆಯಲ್ಲಿ ಅವನಿಗೂ ಸಮಾನವಾದ ಸ್ಥಾನವುಂಟು. ದೋಣಿ ನಡೆಸಲಾರದವನು ಗಡಿಯಾರ ನೋಡಿ ಬರೆದಿಡಬಹುದು, ಕಂದೀಲನ್ನು ಹಿಡಿಯಬಹುದು.

ಹಾನನ ಮಾರ್ಗವು ಮುಂದೆ ಲೋಕದಲ್ಲಿ ಹರಡಿದ ರೀತಿಯಿಂದ ಇದೇ ವಿಷಯವು ಮತ್ತಷ್ಟು ಸ್ಪಷ್ಟವಾಗುತ್ತದೆ. ಗಾರ್ಡನ್‌ಸ್ಟನ್ನಿನ ಮೊದಮೊದಲ ವಿದ್ಯಾರ್ಥಿಗಳಲ್ಲೊಬ್ಬನಾಗಿದ್ದ ರಾಜಕುಮಾರ ಫಿಲಿಪನ ಹೆಸರಿನಲ್ಲಿ 1956ರಲ್ಲಿ ಎಡಿನ್‌ಬರೋ ಡ್ಯೂಕರ ಪ್ರಶಸ್ತಿಯು ಆರಂಭವಾಯಿತು. ಅದರಲ್ಲಿ ಕಂಚು, ಬೆಳ್ಳಿ, ಚಿನ್ನವೆಂಬ ಮೂರು ಮೆಟ್ಟಿಲುಗಳು. ಸೇವೆಗೆ ಇಂತಿಷ್ಟು ತಿಂಗಳೆಂಬ ಅವಧಿ. 1962ರಲ್ಲಿ ವೇಲ್ಸ್ ದೇಶದ ಕಡಲತೀರದಲ್ಲಿ, ಹಾನನ ಆಲೋಚನೆಯಂತೆಯೇ, ನಾನಾ ದೇಶಗಳ ವಿದ್ಯಾರ್ಥಿಗಳಿಗಾಗಿ ಅಟ್ಲಾಂಟಿಕ್ ಕಾಲೇಜು ಸ್ಥಾಪಿತವಾಯಿತು. ಅಲ್ಲಿಯ ವಿದ್ಯಾರ್ಥಿಗಳು ರಾಷ್ಟ್ರೀಯ ರಕ್ಷಣಾನೌಕಾ ಸಂಸ್ಥೆಯ ಒಂದು ಠಾಣೆಯನ್ನೇ 1963ರಿಂದ 2013ರ ವರೆಗೆ ನಡೆಸಿದರು. 1968ರಲ್ಲಿ ಜಿನೀವದಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಬ್ಯಾಕಲೋರಿಯೆಟ್ ಸಂಸ್ಥೆಯು ಸೃಜನ, ವ್ಯಾಯಾಮ, ಸೇವೆ ಎಂಬ ತ್ರಿಕವನ್ನು ತನ್ನ ಡಿಪ್ಲೊಮಾದ ಅಂಗವಾಗಿ ಇಟ್ಟುಕೊಂಡಿದೆ. ಅದಕ್ಕೆ ಅಂಕಗಳಿಲ್ಲ, ಆದರೆ ಅದನ್ನು ಪೂರೈಸದವನಿಗೆ ಡಿಪ್ಲೊಮಾ ಇಲ್ಲ. ಅಂಕವಿಲ್ಲದಿರುವುದು ನಿತ್ಯದ ಲಕ್ಷಣ. ಡಿಪ್ಲೊಮಾಕ್ಕೆ ಗಂಟುಬಿದ್ದಿರುವುದು ಕಾಮ್ಯದ ಲಕ್ಷಣ. ಎರಡಕ್ಕೂ ನಡುವೆ ನಿಂತಿರುವ ಈ ವ್ಯವಸ್ಥೆಯು ಯಾವ ಕಡೆಗೆ ವಾಲುವುದೆಂಬುದನ್ನು ಕಾಗದದ ನಿಯಮವು ನಿರ್ಣಯಿಸಲಾರದು. ಆಯಾ ಶಾಲೆಯ ಅಧ್ಯಾಪಕರ ನಡೆಯೇ ನಿರ್ಣಯಿಸಬೇಕು.

ಪ್ರಶಸ್ತಿಗಳೆಲ್ಲವೂ ಹೇಯವೆಂದು ಇದರಿಂದ ತಿಳಿಯತಕ್ಕುದಲ್ಲ. ಚಿನ್ನದ ಪದಕದ ಆಸೆಯಿಂದ ವೃದ್ಧನೊಬ್ಬನಿಗೆ ಓದಿ ಹೇಳಲು ಹೋದ ಹುಡುಗಿಗೆ ಕ್ರಮೇಣ ಆ ವೃದ್ಧನ ಮೇಲೆ ಅಂತಃಕರಣ ಹುಟ್ಟಿ, ಪದಕವು ಬಂದ ಮೇಲೂ ಆಕೆ ಹೋಗುತ್ತಲೇ ಇರಬಹುದು. ಕಾಮ್ಯವು ನಿತ್ಯಕ್ಕೆ ಸೋಪಾನವಾಗುವುದು ಹೀಗೆ. ಆದರೆ ಪದಕದ ಮಾರನೆಯ ದಿನ ಆಕೆ ಹೋಗದಿದ್ದರೆ, ಬಾಗಿಲನ್ನು ನೋಡುತ್ತ ಕುಳಿತ ವೃದ್ಧನಿಗೆ ಆಗುವ ನೋವನ್ನು ಯಾವ ಪ್ರಮಾಣಪತ್ರದಲ್ಲಿಯೂ ಬರೆಯುವ ಪದ್ಧತಿಯಿಲ್ಲ. ಸೇವೆಯನ್ನು ಮಾಡುವವನ ಬೆಳವಣಿಗೆಯನ್ನು ಮಾತ್ರ ಅಳೆಯುವ ಶಾಲೆಯು, ಸೇವೆಯನ್ನು ಪಡೆಯುವವನನ್ನು ಕರಿಹಲಗೆಯಂತೆ ಉಪಕರಣವನ್ನಾಗಿ ಮಾಡಿಕೊಳ್ಳುತ್ತದೆ. ಇದು ದಯೆಯ ವೇಷದಲ್ಲಿರುವ ಅಪಚಾರ.

ಹಾನನ ಮಾರ್ಗವು ದೋಷರಹಿತವೆಂದು ಹೇಳುವುದೂ ಸತ್ಯಕ್ಕೆ ದೂರ. ಇಂದಿನ ದೊರೆ ಮೂರನೆಯ ಚಾರ್ಲ್ಸನು 1962ರಿಂದ 1967ರ ವರೆಗೆ ಗಾರ್ಡನ್‌ಸ್ಟನ್ನಿನಲ್ಲಿ ಓದುತ್ತಿದ್ದಾಗ ಬಹುಕಾಲ ದುಃಖದಲ್ಲಿದ್ದನೆಂಬುದು ಪ್ರಸಿದ್ಧವಾದ ಸಂಗತಿ. ತಂದೆಗೆ ಒಗ್ಗಿದ ಕಾಠಿನ್ಯವು ಮಗನಿಗೆ ಒಗ್ಗಲಿಲ್ಲ. ಯಥಾಶಕ್ತಿಯೆಂಬ ನ್ಯಾಯವನ್ನು ಮರೆತಲ್ಲಿ ಕಾಠಿನ್ಯವೇ ಫಲವೆಂಬ ಭ್ರಾಂತಿ ಹುಟ್ಟುವುದು. ಇನ್ನೊಂದು ತೊಡಕೂ ಉಂಟು. ಇಂತಹ ಶಾಲೆಗಳ ಶುಲ್ಕವು ಬಹಳ; ಧನಿಕರ ಮಕ್ಕಳು ತಮ್ಮ ಐಶ್ವರ್ಯವು ತರುವ ಜಡತೆಯಿಂದ ಬಿಡುಗಡೆ ಹೊಂದಬೇಕೆಂಬುದು ಹಾನನ ಮುಖ್ಯ ಉದ್ದೇಶಗಳಲ್ಲೊಂದಾಗಿತ್ತು. ಬಡವರ ಸೇವೆಯೇ ಧನಿಕರ ಮಕ್ಕಳ ಮತ್ತೊಂದು ಅಲಂಕಾರವಾದರೆ, ಆ ಔಷಧವೇ ರೋಗವಾಗುವುದು.

ಆದುದರಿಂದ ಸಿದ್ಧಾಂತವು ಹೀಗೆ ನಿಲ್ಲುತ್ತದೆ. ಸೇವೆಯನ್ನು ವೇಳಾಪಟ್ಟಿಯಲ್ಲಿ ಇಡುವುದು ತಪ್ಪಲ್ಲ, ಪಾಠಕ್ಕೆ ಅದು ‘ಇತರ’ವೂ ಅಲ್ಲ. ಆದರೆ ಮೂರು ಲಕ್ಷಣಗಳಿದ್ದರೆ ಮಾತ್ರ ಅದು ಧರ್ಮಶಿಕ್ಷಣವೆನಿಸುವುದು. ಆ ಕೆಲಸವು ಲೋಕಕ್ಕೆ ನಿಜವಾಗಿ ಬೇಕಾದುದಾಗಿರಬೇಕು. ಬಿಟ್ಟರೆ ಯಾರಿಗಾದರೂ ಹಾನಿಯಾಗುವಂತಿರಬೇಕು. ಅಶಕ್ತನಿಗೂ ಅದರಲ್ಲಿ ಯಥಾಶಕ್ತಿಯಾಗಿ ಭಾಗವಿರಬೇಕು. ಅದರ ಕೊನೆಯ ಲೆಕ್ಕವು ಮಾಡಿದವನ ಮನಸ್ಸಾಕ್ಷಿಯಲ್ಲಿರಬೇಕು. ಇವು ಮೂರೂ ಇಲ್ಲದ ಸೇವೆಯನ್ನು ಸ್ಪರ್ಧೆಯೆಂದೋ ಪ್ರದರ್ಶನವೆಂದೋ ಕರೆದರೆ ಶಾಲೆಗೆ ಅವಮಾನವಿಲ್ಲ. ಅದನ್ನು ಸೇವೆಯೆಂದು ಕರೆದು ಮಕ್ಕಳಿಗೆ ಒಪ್ಪಿಸಿದರೆ ಮಾತ್ರ, ಸುಳ್ಳಾಡಬಾರದೆಂದು ಕಲಿಸತಕ್ಕ ಸ್ಥಳದಲ್ಲಿಯೇ ಸುಳ್ಳನ್ನು ಕಲಿಸಿದಂತಾಗುವುದು.

ಬಿರುಗಾಳಿಯ ರಾತ್ರಿಯಲ್ಲಿ ಕಾವಲುಗುಡಿಸಿಲಿನೊಳಗೆ ಕುಳಿತ ಬಾಲಕನು ಬೆಳಗಿನ ವರೆಗೆ ಕತ್ತಲೆಯನ್ನೇ ನೋಡಿ, ಯಾವ ಹಡಗೂ ಕಾಣದೆ, ತೂಗುವ ಕಣ್ಣುಗಳೊಡನೆ ಹಿಂತಿರುಗಿ ಬರುವನು. ಆ ದಿನದ ಗಣಿತದ ಪಾಠದಲ್ಲಿ ಅವನು ಎರಡು ತಪ್ಪುಗಳನ್ನು ಹೆಚ್ಚಾಗಿ ಮಾಡಿದರೂ ಮಾಡಬಹುದು. ಅಂದು ರಾತ್ರಿ ಸಾಧನಾಪತ್ರವನ್ನು ತೆರೆದು, ನಡುವೆ ಅರ್ಧ ಗಳಿಗೆ ತಾನು ನಿದ್ರೆಹೋದುದನ್ನು ನೆನೆದು, ಯಾರೂ ಕೇಳದಿದ್ದರೂ ಕಳೆಯ ಗುರುತನ್ನು ಹಾಕುವನಾದರೆ, ಶಾಲೆಯು ಅವನಿಗೆ ಕಲಿಸಬೇಕಾದುದನ್ನು ಕಲಿಸಿದೆಯೆಂದೇ ಹೇಳಬೇಕು.