ಗಾಯ ಎಲ್ಲಿ ಹೋಯ್ತೋ?

ಮೂರು ವರ್ಷದ ಹಿಂದೆ, ಚಿತ್ತಿರೈ ತಿಂಗಳ ಬ್ರಹ್ಮೋತ್ಸವದ ಒಂದು ರಾತ್ರಿ, ಚೆನ್ನೈನ ತಿರುವಲ್ಲಿಕ್ಕೇಣಿಯ ಮಾಡ ಬೀದಿಯಲ್ಲಿ ನಿಂತು ಪಾರ್ಥಸಾರಥಿಯ ಉತ್ಸವಮೂರ್ತಿಯ ಫೋಟೊ ತೆಗೆದೆ. ಹೊಸ ಮಿರರ್‌ಲೆಸ್ ಕ್ಯಾಮೆರಾ ಕೈಗೆ ಬಂದು ಎರಡು ವಾರವಾಗಿತ್ತು. ಮುಂದೆ ದಿವ್ಯಪ್ರಬಂಧದ ಗೋಷ್ಠಿ, ಹಿಂದೆ ವೇದಪಾರಾಯಣ, ನಡುವೆ ಹೊತ್ತವರ ಹೆಗಲ ಮೇಲೆ ತೂಗುತ್ತ ಬರುವ ದೇವರು. ದೀವಟಿಗೆಯ ಹೊಗೆ ಒಂದು ಕಡೆ, ಅಂಗಡಿಗಳ ಎಲ್‌ಇಡಿ ಬೆಳಕು ಇನ್ನೊಂದು ಕಡೆ. ಮನೆಗೆ ಬಂದು ಚಿತ್ರವನ್ನು ಪರದೆಯ ಮೇಲೆ ದೊಡ್ಡದು ಮಾಡಿ ಅಮ್ಮನಿಗೆ ತೋರಿಸಿದೆ. ಅಮ್ಮ ಹುಟ್ಟಿದ್ದು, ಬೆಳೆದದ್ದು, ಮದುವೆಯಾದದ್ದು ಎಲ್ಲವೂ ಈ ಗುಡಿಯ ಸುತ್ತಲಿನ ಬೀದಿಗಳಲ್ಲೇ. ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಕೇಳಿದಳು: "ಮುಖ ಇಷ್ಟು ನುಣ್ಣಗಿದೆಯಲ್ಲೋ. ಗಾಯ ಎಲ್ಲಿ ಹೋಯ್ತೋ?"

ಈ ಊರಿನವರಿಗೆ ಆ ಪ್ರಶ್ನೆಯನ್ನು ಬಿಡಿಸಿ ಹೇಳಬೇಕಿಲ್ಲ. ಗರ್ಭಗುಡಿಯ ಮೂಲಮೂರ್ತಿ ವೆಂಕಟಕೃಷ್ಣ, ಮೀಸೆ ಹೊತ್ತ ಸಾರಥಿ. ಆಯುಧ ಹಿಡಿಯುವುದಿಲ್ಲವೆಂದು ಕೊಟ್ಟ ಮಾತಿಗೆ ತಕ್ಕಂತೆ ಅವನ ಕೈಯಲ್ಲಿ ಶಂಖವುಂಟು, ಚಕ್ರವಿಲ್ಲ. ಬೀದಿಗೆ ಬರುವ ಉತ್ಸವಮೂರ್ತಿಯ ಮುಖದ ತುಂಬ ಸಣ್ಣ ಸಣ್ಣ ಕುಳಿಗಳು. ಕುರುಕ್ಷೇತ್ರದಲ್ಲಿ ಅರ್ಜುನನ ರಥ ಹೊಡೆಯುತ್ತಿದ್ದಾಗ ಭೀಷ್ಮನ ಬಾಣಗಳು ತಾಗಿ ಆದ ಗಾಯದ ಕಲೆಗಳು ಅವು ಎಂದು ಇಲ್ಲಿಯ ನಂಬಿಕೆ. ಹತ್ತಿರದಲ್ಲಿ ಕರ್ಪೂರದ ಆರತಿ ಎತ್ತಿದಾಗ ಕಪ್ಪು ಲೋಹದ ಮೇಲೆ ಅವು ಒಂದೊಂದಾಗಿ ಕಾಣುತ್ತವೆ. ಅಮ್ಮ ಅವನ್ನು ನೋಡಿಕೊಂಡೇ ದೊಡ್ಡವಳಾದವಳು. ನನ್ನ ಚಿತ್ರದಲ್ಲಿ ಒಂದೂ ಇರಲಿಲ್ಲ. ಬಂಗಾರದ ಆಭರಣಗಳು ಬೆಳ್ಳಗೆ ಸಿಡಿದುಹೋಗಿದ್ದವು. ಮುಖ ಬೂದು ಬಣ್ಣಕ್ಕೆ ತಿರುಗಿ, ಒರೆಸಿದ ತಟ್ಟೆಯಂತೆ ನಯವಾಗಿತ್ತು. ಕ್ಯಾಮೆರಾದ ಲೆಕ್ಕದಲ್ಲಿ ಮಾತ್ರ ಎಕ್ಸ್‌ಪೋಷರ್ ಸರಿಯಾಗಿತ್ತು. ಮೀಟರಿನ ಮುಳ್ಳು ಸೊನ್ನೆಯ ಮೇಲೆ ನಿಂತಿತ್ತು.

ಮೂವತ್ತು ವರ್ಷ ಮದುವೆ ಫೋಟೊ ತೆಗೆದವನು ನಾನು. ಸೊನ್ನೆ ತೋರಿಸುವ ಮೀಟರ್ ಸುಳ್ಳು ಹೇಳಬಲ್ಲದೆಂದು ನನಗೆ ಗೊತ್ತಿತ್ತು. ಆದರೂ ಆ ರಾತ್ರಿ ಅದನ್ನು ನಂಬಿದ್ದೆ.

ಮೀಟರ್ ಎದುರಿಗಿರುವುದು ಏನು ಎಂದು ಕೇಳುವುದಿಲ್ಲ, ಎಷ್ಟು ಬೆಳಕು ಬಂತು ಎಂದು ಮಾತ್ರ ಅಳೆಯುತ್ತದೆ. ಲೋಕವೆಲ್ಲ ಸರಾಸರಿಯಲ್ಲಿ ಒಂದು ನಡು ಬೂದು ಬಣ್ಣ, ಬಿದ್ದ ಬೆಳಕಿನಲ್ಲಿ ಸುಮಾರು ಶೇ. 18ರಷ್ಟನ್ನು ಹಿಂದಕ್ಕೆ ಕೊಡುವಂಥದ್ದು ಎಂಬ ಊಹೆಯ ಮೇಲೆ ಅದರ ಲೆಕ್ಕ ನಿಂತಿದೆ. ಬಿಳಿ ಪಂಚೆಯನ್ನು ತೋರಿಸಿದರೆ ಅದನ್ನು ಬೂದು ಮಾಡುತ್ತದೆ, ಕರಿಕಲ್ಲನ್ನು ತೋರಿಸಿದರೆ ಅದನ್ನೂ ಬೂದು ಮಾಡುತ್ತದೆ. ಸ್ಟುಡಿಯೋದಲ್ಲಿ ಕೆಲಸ ಮಾಡಿದ ನನ್ನ ಅಪ್ಪ ನನಗೆ ಮೊದಲು ಕಲಿಸಿದ ಪಾಠ, ಕರಿಯದಕ್ಕೆ ಕಳೆ, ಬಿಳಿಯದಕ್ಕೆ ಕೂಡಿಸು. ಚೌಕಟ್ಟು ತುಂಬ ಕಪ್ಪು ವಿಗ್ರಹವಿದ್ದರೆ ಮೀಟರ್ ಹೇಳಿದ್ದಕ್ಕಿಂತ ಒಂದೂವರೆ ಇಲ್ಲವೇ ಎರಡು ಸ್ಟಾಪ್ ಕಡಿಮೆ ಕೊಡಬೇಕು. ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕೆ ಇಳಿಯುವುದು. ನಾನು ಕಳೆಯಲಿಲ್ಲ. ಸುತ್ತಲಿನ ಕತ್ತಲನ್ನೂ ಕಪ್ಪು ಮುಖವನ್ನೂ ನೋಡಿ ಕ್ಯಾಮೆರಾ ಬೆಳಕನ್ನು ಏರಿಸಿತು. ಮುಖದ ಮೇಲಿನ ಹೊಳಪು ಹರಡಿ ಕುಳಿಗಳ ನೆರಳನ್ನು ನುಂಗಿತು. ಉಳಿದಿದ್ದ ಅಷ್ಟಿಷ್ಟನ್ನು, ಹೆಚ್ಚಿನ ಐಎಸ್‌ಓದಲ್ಲಿ ಏಳುವ ಕಾಳುಕಾಳನ್ನು ಒರೆಸಲು ಕ್ಯಾಮೆರಾ ತಾನೇ ಜೆಪೆಗ್ ಚಿತ್ರದ ಮೇಲೆ ಆಡಿಸುವ ಕೈ ಒರೆಸಿಹಾಕಿತು. ಮೂರ್ತಿಯ ಗಾಯಕ್ಕೂ ಬೇಡದ ಕಾಳಿಗೂ ವ್ಯತ್ಯಾಸ ಆ ಯಂತ್ರಕ್ಕೆ ತಿಳಿಯದು.

ಇದನ್ನು ನಾನು ದೊಡ್ಡಪ್ಪನವರಿಗೆ ಹೇಳಿದೆ. ಟಿ.ಪಿ. ಕೋಯಿಲ್ ಬೀದಿಯ ರಾಘವೇಂದ್ರ ಮಠಕ್ಕೆ ದಿನವೂ ಹೋಗುವವರು ಅವರು. ನಾನು ಚಿಕ್ಕವನಿದ್ದಾಗ ಭಾನುವಾರ ಸಂಜೆ ನಮ್ಮನ್ನು ಜಗಲಿಯಲ್ಲಿ ಕೂರಿಸಿಕೊಂಡು ಜಯತೀರ್ಥರ ಪ್ರಮಾಣಪದ್ಧತಿಯ ಮೊದಲ ಪುಟಗಳನ್ನು ಹೇಳಿಕೊಟ್ಟಿದ್ದರು. ನನ್ನ ಮಾತು ಕೇಳಿ ಅವರು ಪಾಠವನ್ನೇ ನೆನಪು ಮಾಡಿದರು. ಮಧ್ವಾಚಾರ್ಯರ ಪ್ರಕಾರ ವಸ್ತು ಹೇಗಿದೆಯೋ ಹಾಗೆಯೇ ಅದನ್ನು ಹಿಡಿಯುವುದು ಪ್ರಮಾಣ. ಹಾಗೆ ಹಿಡಿದ ಜ್ಞಾನ ಕೇವಲ ಪ್ರಮಾಣ. ಆ ಜ್ಞಾನವನ್ನು ಹುಟ್ಟಿಸುವ ಪ್ರತ್ಯಕ್ಷ, ಅನುಮಾನ, ಆಗಮ ಎಂಬ ಮೂರು ಸಾಧನಗಳು ಅನುಪ್ರಮಾಣ. ಪ್ರತ್ಯಕ್ಷ ಎನ್ನಿಸಿಕೊಳ್ಳಲು ಕಣ್ಣು ತೆರೆದಿದ್ದರೆ ಸಾಲದು, ಇಂದ್ರಿಯದಲ್ಲಿ ದೋಷವಿರಬಾರದು, ವಿಷಯದಲ್ಲಿಯೂ ದೋಷವಿರಬಾರದು. ಇಷ್ಟಾದ ಮೇಲೂ ಈ ಜ್ಞಾನ ಸರಿಯೇ ಎಂದು ಒಳಗೆ ಕೂತು ತೀರ್ಪು ಕೊಡುವುದು ಸಾಕ್ಷಿ. ಅದು ಕಣ್ಣಲ್ಲ, ಮನಸ್ಸೂ ಅಲ್ಲ, ಜೀವದ ಸ್ವರೂಪವೇ ಆದ ಇಂದ್ರಿಯ.

"ನಿನ್ನ ಮೀಟರಿಗೆ ದೋಷವಿದೆ ಅಂತ ನಿನಗೆ ಗೊತ್ತಿತ್ತಲ್ಲಪ್ಪಾ," ಎಂದರು ದೊಡ್ಡಪ್ಪ. "ಗೊತ್ತಿದ್ದೂ ಸುಮ್ಮನಿದ್ದೆ. ಯಂತ್ರವನ್ನು ಯಾಕೆ ಬೈತೀ?"

ಆ ಮಾತು ಚುಚ್ಚಿದ್ದು ದೇವರ ಚಿತ್ರದ ವಿಷಯಕ್ಕಲ್ಲ. ನನ್ನ ಹಳೆಯ ಕ್ಯಾಮೆರಾದ ಡಯಲ್ಲಿನ ಮೇಲೆ ಸಿ1 ಎಂಬ ಗುರುತಿತ್ತು. ನಮಗೆ ಬೇಕಾದ ಹೊಂದಿಕೆಗಳನ್ನು ಕೂಡಿಡುವ ಜಾಗ ಅದು. ನಾನು ಅಲ್ಲಿ ಮದುವೆಗೆಂದೇ ಒಂದು ಹೊಂದಿಕೆ ಇಟ್ಟಿದ್ದೆ, ಮುಖಕ್ಕೆ ಮುಕ್ಕಾಲು ಸ್ಟಾಪ್ ಹತ್ತಿರ ಹೆಚ್ಚು ಬೆಳಕು, ಚರ್ಮ ಮೆತ್ತಗೆ ಕಾಣುವ ಚಿತ್ರಶೈಲಿ. ಹನ್ನೊಂದು ವರ್ಷ ಆ ಹೊಂದಿಕೆಯಲ್ಲಿ ಮದುಮಗಳ ಮೇಲೆ ಮದುಮಗಳನ್ನು ತೆಗೆದೆ. ಪಶ್ಚಿಮ ಮಾಂಬಲಂ, ಮೈಲಾಪುರ, ಪೆರಂಬೂರು, ರಾಯಪುರಂ, ಎಲ್ಲ ಕಡೆಯ ಛತ್ರಗಳಲ್ಲಿ. ಎಣ್ಣೆಗಪ್ಪು ಬಣ್ಣದ, ತೀಡಿದಂತಹ ಮುಖಗಳು ಈ ಊರಿನಲ್ಲಿ ಎಷ್ಟೊಂದು. ಅವೆಲ್ಲ ನನ್ನ ಆಲ್ಬಮ್ಮುಗಳಲ್ಲಿ ಗೋಧಿ ಬಣ್ಣಕ್ಕೆ ತಿರುಗಿವೆ. ಮುಖ ಬೆಳ್ಳಗೆ ಮಾಡಿ ಎಂದು ಬಾಯಿಬಿಟ್ಟು ಹೇಳಿದ ತಂದೆತಾಯಿಗಳು ಇಬ್ಬರೋ ಮೂವರೋ. ಉಳಿದವರು ಯಾರೂ ಕೇಳಿರಲಿಲ್ಲ. ಕೇಳದೆಯೇ ನಾನು ಕೊಟ್ಟಿದ್ದೆ.

ಈ ತಪ್ಪು ನನ್ನೊಬ್ಬನ ಬೆರಳಿನಲ್ಲಿ ಹುಟ್ಟಿದ್ದಲ್ಲ ಎಂಬುದೂ ನಿಜ. ಕೊಡಾಕ್ ಕಂಪನಿ ದಶಕಗಳ ಕಾಲ ಲ್ಯಾಬುಗಳಿಗೆ ಬಣ್ಣ ಹೊಂದಿಸಲು ಕಳಿಸುತ್ತಿದ್ದ ಮಾದರಿ ಕಾರ್ಡಿನಲ್ಲಿ ಇದ್ದವಳು ಬಿಳಿ ಚರ್ಮದ ಹೆಣ್ಣು. ಶರ್ಲಿ ಎಂದೇ ಆ ಕಾರ್ಡಿನ ಹೆಸರು. ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಕಪ್ಪಿನಿಂದ ಬಿಳಿಯವರೆಗಿನ ಛಾಯೆಗಳನ್ನು ವಲಯಗಳಾಗಿ ವಿಂಗಡಿಸಿದಾಗ ಬಿಳಿಯರ ಸಾಮಾನ್ಯ ಚರ್ಮಕ್ಕೆ ಆರನೆಯ ವಲಯ ಕೊಟ್ಟರು, ಅಂದರೆ ನಡು ಬೂದುವಿಗಿಂತ ಒಂದು ಮೆಟ್ಟಿಲು ಮೇಲೆ. ಇಂದಿಗೂ, ಹೊಳಪು ಗೊತ್ತುಮಾಡಿದ ಮಟ್ಟ ಮುಟ್ಟಿದಲ್ಲಿ ಪರದೆಯ ಮೇಲೆ ಮೂಡುವ ಜೀಬ್ರಾ ಪಟ್ಟೆಯನ್ನು ಮುಖಕ್ಕೆ ಶೇ. 70ಕ್ಕೆ ಹೊಂದಿಸಿ ಎಂದು ಕಲಿಸುವವರು ಯಾರ ಮುಖವನ್ನು ನೆನೆದು ಹಾಗೆ ಹೇಳುತ್ತಾರೆ? ಅದನ್ನು ಹಾಗೆಯೇ ಪಾಲಿಸಿದರೆ ವ್ಯಾಸರ್ಪಾಡಿಯ ಹುಡುಗಿಯೊಬ್ಬಳ ಕೆನ್ನೆ ಅವಳ ಕೆನ್ನೆಯಾಗಿ ಉಳಿಯುವುದಿಲ್ಲ. ಅಂಕಿ ನಿಷ್ಪಕ್ಷಪಾತಿ ಎಂದು ನಂಬುವುದು ಸುಲಭ. ಅಂಕಿಯ ಹಿಂದೆ ಯಾರೋ ಒಬ್ಬರ ಮುಖವಿರುತ್ತದೆ.

ಭೇದ ಸತ್ಯ ಎಂಬ ಮತದಲ್ಲಿ ಬೆಳೆದವನು ನಾನು. ಜೀವಕ್ಕೂ ಜೀವಕ್ಕೂ ಭೇದ, ಜಡಕ್ಕೂ ಜಡಕ್ಕೂ ಭೇದ, ಒಂದರಂತೆ ಇನ್ನೊಂದಿಲ್ಲ, ಆ ವ್ಯತ್ಯಾಸ ತೋರಿಕೆಯಲ್ಲ. ಬಾಯಿಪಾಠವಾಗಿ ಇದು ಏಳನೆಯ ವಯಸ್ಸಿನಿಂದ ಗೊತ್ತು. ಎಲ್ಲವನ್ನೂ ಒಂದೇ ಬೂದು ಬಣ್ಣಕ್ಕೆ ಎಳೆದು ತರುವ ಯಂತ್ರ ನನ್ನ ಕೊರಳಲ್ಲಿ ಮೂವತ್ತು ವರ್ಷ ತೂಗಾಡಿದರೂ ಆ ಪಾಠ ಒಮ್ಮೆಯೂ ನನ್ನ ಬೆರಳಿನವರೆಗೆ ಇಳಿದು ಬರಲಿಲ್ಲ.

ಗಾಯದ ಪ್ರಶ್ನೆ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ದೊಡ್ಡಪ್ಪನವರೇ ಅದನ್ನು ಜಟಿಲ ಮಾಡಿದರು. "ಗಾಯ ಕಾಣಲಿಲ್ಲ ಅಂತ ನಿಮ್ಮಮ್ಮ ಕೊರಗ್ತಾಳೆ. ಕೃಷ್ಣನಿಗೆ ಗಾಯ ಎಲ್ಲಿಂದ ಬರಬೇಕು?" ನಮ್ಮ ಮತದಲ್ಲಿ ಭಗವಂತನ ದೇಹ ಜ್ಞಾನಾನಂದಮಯ. ಅದಕ್ಕೆ ಬಾಣ ನಾಟದು, ನೋವಾಗದು. ನೆತ್ತರು ಸುರಿದಂತೆ ಕಂಡಿದ್ದರೆ ಅದು ಅಸುರರ ಮೋಹನಕ್ಕೆ ಅವನು ತೋರಿದ ತೋರಿಕೆ. ಅಮ್ಮನೂ ಇದೇ ಮತದವಳು. ಆದರೆ ಅವಳು ನಿತ್ಯ ಕಣ್ತುಂಬ ನೋಡಿದ್ದು ಶ್ರೀವೈಷ್ಣವರ ಗುಡಿಯ ದೇವರನ್ನು. ಅವರಲ್ಲಿ ಅರ್ಚಾವತಾರ, ಅಂದರೆ ಪೂಜೆಗೊಳ್ಳುವ ಮೂರ್ತಿ, ಭಗವಂತನ ಐದು ನೆಲೆಗಳಲ್ಲಿ ಒಂದು. ಪರಮಪದದಲ್ಲಿರುವವನು ಎಷ್ಟು ಪೂರ್ಣನೋ ಬೀದಿಗೆ ಬಂದವನೂ ಅಷ್ಟೇ ಪೂರ್ಣ. ಭಕ್ತನ ಕುದುರೆಗಳನ್ನು ಹೊಡೆಯಲು ಇಳಿದು ಬಂದ ಅವನ ಸೌಲಭ್ಯಕ್ಕೆ, ಸುಲಭವಾಗಿ ಸಿಗುವ ಗುಣಕ್ಕೆ, ಆ ಕಲೆಗಳೇ ಗುರುತು. ಮಠದಲ್ಲಿ ಕೇಳಿದ್ದು ಒಂದು, ನಾಲ್ಕು ಹೆಜ್ಜೆ ಆಚೆ ಬೀದಿಯಲ್ಲಿ ಕಂಡದ್ದು ಇನ್ನೊಂದು. ಅಮ್ಮ ಎರಡನ್ನೂ ಒಂದೇ ಎದೆಯಲ್ಲಿ ಇಟ್ಟುಕೊಂಡು ಇಷ್ಟು ವರ್ಷ ಬಾಳಿದ್ದಾಳೆ.

ನಾನು ಬಹಳ ದಿನ ಇದನ್ನು ತಿರುವಿಹಾಕಿದೆ. ನನಗೆ ಹೊಳೆದದ್ದು ಇಷ್ಟು. ದೇವರ ಸ್ವರೂಪಕ್ಕೆ ಗಾಯವಾಗುತ್ತದೆಯೇ ಎಂಬುದು ಆಗಮದಿಂದ ತಿಳಿಯಬೇಕಾದ ಮಾತು, ಅದು ನನ್ನ ಲೆನ್ಸಿಗೆ ಎಟುಕುವ ವಿಷಯವಲ್ಲ. ಆದರೆ ಪ್ರತಿಮೆ ಜಡ, ಅದರಲ್ಲಿ ಭಗವಂತನ ಸನ್ನಿಧಾನ ಎಂದು ನಮ್ಮವರೇ ಹೇಳುತ್ತಾರೆ. ಜಡವೂ ಸತ್ಯ ಎಂದೂ ನಮ್ಮವರೇ ಹೇಳುತ್ತಾರೆ. ಹಾಗಾದರೆ ಆ ಲೋಹದ ಮೇಲಿನ ಕುಳಿ ಲೋಹದಷ್ಟೇ ಸತ್ಯ. ಅದಕ್ಕೆ ಭೀಷ್ಮ ಕಾರಣನೋ ಬೇರೆಯದೋ, ಕುಳಿ ಅಲ್ಲಿದೆ. ಇರುವುದನ್ನು ಅಳಿಸಿ ದೇವರನ್ನು ಅಂದಗೊಳಿಸುವ ಅಧಿಕಾರ ನನಗೆ ಯಾವ ಮತವೂ ಕೊಟ್ಟಿಲ್ಲ. ದೊಡ್ಡಪ್ಪನವರಿಗೆ ಇದನ್ನು ಹೇಳಿದಾಗ ಅವರು ಒಪ್ಪಿದರೆಂದು ಹೇಳಲಾರೆ. "ಕುಳಿ ಅನ್ನು. ಗಾಯ ಅನ್ನಬೇಡ," ಎಂದರು.

ಬಿಂಬ ಪ್ರತಿಬಿಂಬದ ಮಾತನ್ನು ತೆಗೆದವರೂ ಅವರೇ. ಹೊಸ ಕ್ಯಾಮೆರಾದಲ್ಲಿ ಕನ್ನಡಿಯಿಲ್ಲ ಎಂದು ನಾನು ವಿವರಿಸುತ್ತಿದ್ದೆ. ಹಳೆಯದರಲ್ಲಿ ವಸ್ತುವಿನಿಂದ ಬಂದ ಬೆಳಕೇ ಕನ್ನಡಿಯಿಂದ ತಿರುಗಿ ಕಣ್ಣಿಗೆ ಬರುತ್ತಿತ್ತು. ಹೊಸದರಲ್ಲಿ ಸೆನ್ಸರ್ ಗ್ರಹಿಸಿದ್ದನ್ನು ಒಂದು ಪುಟ್ಟ ಪರದೆ ನಮಗೆ ತೋರಿಸುತ್ತದೆ. ಅದನ್ನು ಕೇಳಿ ಅವರ ಮುಖ ಅರಳಿತು. ಜೀವ ಭಗವಂತನ ಪ್ರತಿಬಿಂಬ, ಆದರೆ ಕನ್ನಡಿಯಂಥ ಹೊರಗಿನ ಉಪಾಧಿ ಅದಕ್ಕೆ ಬೇಕಿಲ್ಲ, ಸೂರ್ಯನಿಗೆ ಕಾಮನಬಿಲ್ಲು ಹೇಗೋ ಹಾಗೆ ಎಂದರು. ಪ್ರತಿಬಿಂಬವೆಂದರೆ ಬಿಂಬಕ್ಕೆ ಅಧೀನವಾಗಿರುವುದು, ಬಿಂಬವನ್ನು ಹೋಲುವುದು. ಈ ಎರಡು ಇಲ್ಲದಿದ್ದರೆ ಅದು ಪ್ರತಿಬಿಂಬವಲ್ಲ. ನನ್ನ ಸಿ1 ಆಲ್ಬಮ್ಮುಗಳು ಆ ಲಕ್ಷಣದ ಮುಂದೆ ನಿಲ್ಲುವುದಿಲ್ಲ. ಅವು ಅಧೀನವಾಗಿದ್ದದ್ದು ನೋಡುವವರ ಆಸೆಗೆ.

ಆಮೇಲೆ ಕ್ಯಾಮೆರಾವನ್ನು ಬುಡದಿಂದ ಹೊಂದಿಸಿದೆ. ಪುಟ್ಟ ಪರದೆಯ ಹೊಳಪು ತಾನಾಗಿ ಏರಿಳಿಯುವುದನ್ನು ಮೊದಲು ನಿಲ್ಲಿಸಿದೆ. ಕತ್ತಲಲ್ಲೊಂದು, ಮರೀನಾದ ಮಧ್ಯಾಹ್ನದ ಬಿಸಿಲಲ್ಲೊಂದು ಹೊಳಪಿದ್ದರೆ ಕಣ್ಣು ಮೋಸಹೋಗುತ್ತದೆ. ಚಿತ್ರವನ್ನು ರಾ ಫೈಲಿನಲ್ಲಿ ಉಳಿಸಿದರೂ ಬೆಳಕಿನ ಹಂಚಿಕೆಯನ್ನು ತೋರಿಸುವ ಹಿಸ್ಟೋಗ್ರಾಮ್ ನಕ್ಷೆ ಹುಟ್ಟುವುದು ಒಳಗಿನ ಜೆಪೆಗ್ ಚಿತ್ರದಿಂದ, ಹಾಗಾಗಿ ಚಿತ್ರಶೈಲಿಯನ್ನು ತೀರ ಸಪ್ಪೆಯದಕ್ಕೆ ಇಟ್ಟೆ. ಕೆಂಪು, ಹಸಿರು, ನೀಲಿ ಮೂರನ್ನೂ ಬೇರೆಬೇರೆಯಾಗಿ ತೋರಿಸುವ ಹಿಸ್ಟೋಗ್ರಾಮನ್ನೇ ಆರಿಸಿಕೊಂಡೆ, ಏಕೆಂದರೆ ದೀವಟಿಗೆಯ ಬೆಳಕಿನಲ್ಲಿ ಮೊದಲು ತುಂಬಿ ಹರಿಯುವುದು ಕೆಂಪು. ಒಟ್ಟು ಲೆಕ್ಕ ಸರಿ ಕಂಡರೂ ಕುಂಕುಮ, ಕೆಂಪು ರೇಷ್ಮೆ ಅಷ್ಟರಲ್ಲಿ ಬರೀ ಬಣ್ಣದ ಮುದ್ದೆಯಾಗಿರುತ್ತವೆ. ಬಂಗಾರ ಸಿಡಿಯುವುದನ್ನು ತೋರಿಸಲಿ ಎಂದು ಜೀಬ್ರಾವನ್ನು ನೂರಕ್ಕೆ ಏರಿಸಿದೆ. ನಮ್ಮ ಕರೆಂಟು 50 ಹರ್ಟ್ಸ್, ದೀಪಗಳು ಸೆಕೆಂಡಿಗೆ ನೂರು ಸಲ ಮಿಣುಕುತ್ತವೆ, ಹಾಗಾಗಿ ಶಟರ್ 1/100. ಮೀಟರನ್ನು ಸ್ಪಾಟಿಗೆ ಹಾಕಿ, ಮುಖದ ಮೇಲಿಟ್ಟು, ಎರಡಕ್ಕೆ ತುಸು ಕಡಿಮೆ ಸ್ಟಾಪ್ ಕಳೆದು ಮ್ಯಾನ್ಯುಯಲ್‌ನಲ್ಲಿ ನಿಲ್ಲಿಸುವುದೆಂದು ಗೊತ್ತು ಮಾಡಿಕೊಂಡೆ. ಬೀದಿಯ ಬೆಳಕು ಹೆಜ್ಜೆ ಹೆಜ್ಜೆಗೂ ಬದಲಾಗುವುದರಿಂದ ಆಮೇಲಿನದು ಕೈಯ ಕೆಲಸ. ಇಷ್ಟೆಲ್ಲ ಮಾಡಿದರೂ ಇವು ಅನುಪ್ರಮಾಣಗಳೇ. ಸರಿಯೋ ತಪ್ಪೋ ಎಂದು ಹೇಳಬೇಕಾದವನು ಹೊಂದಿಕೆಗಳ ಪಟ್ಟಿಯಲ್ಲಿಲ್ಲ.

ಮುಂದಿನ ಚಿತ್ತಿರೈಯಲ್ಲಿ ತೆಗೆದ ಚಿತ್ರ ಕಪ್ಪಾಗಿತ್ತು. ಬಂಗಾರ ಬಂಗಾರವಾಗಿಯೇ ಇತ್ತು. ಮುದ್ರಿಸಿ ತಂದು ಅಮ್ಮನ ಕೈಗೆ ಕೊಟ್ಟೆ. ಅವಳು ಅದನ್ನು ಕಿಟಕಿಯ ಹತ್ತಿರ ಒಯ್ದು, ಬೆಳಕಿಗೆ ಓರೆಯಾಗಿ ಹಿಡಿದು, ಕೆನ್ನೆಯ ಮೇಲೆ ಬೆರಳು ಆಡಿಸಿದಳು. ಏನೂ ಹೇಳಲಿಲ್ಲ. ದೊಡ್ಡಪ್ಪ ಬಂದಾಗ ಅವರಿಗೂ ತೋರಿಸಿದಳು. ಅವರು ಕೈಮುಗಿದರು.

ಮದುವೆಗಳಲ್ಲಿ ಈಗ ಅಪ್ಪನ ಹಳೆಯ ಉಪಾಯಕ್ಕೆ ಮರಳಿದ್ದೇನೆ. ಮನುಷ್ಯರ ಮೈಬಣ್ಣ ಎಷ್ಟೇ ಬೇರೆಯಾದರೂ ಅಂಗೈ ಅಷ್ಟಾಗಿ ಬದಲಾಗುವುದಿಲ್ಲ, ನಡು ಬೂದುವಿಗಿಂತ ಸುಮಾರು ಒಂದು ಸ್ಟಾಪ್ ಮೇಲಿರುತ್ತದೆ. ಮದುಮಗಳ ಅಂಗೈಯಲ್ಲಿ ಮೆಹಂದಿ ಇರುತ್ತದೆಂದು ನನ್ನದನ್ನೇ ಅವಳ ಮುಖದ ಪಕ್ಕ, ಅದೇ ಬೆಳಕಿಗೆ ಹಿಡಿದು ಅಳೆಯುತ್ತೇನೆ, ಒಂದು ಸ್ಟಾಪ್ ಕೂಡಿಸುತ್ತೇನೆ. ಈ ಬಾರಿಯ ಪಂಗುನಿ ತಿಂಗಳಲ್ಲಿ ಪೆರಂಬೂರಿನ ಛತ್ರವೊಂದರಲ್ಲಿ ಹುಡುಗಿಯೊಬ್ಬಳು, ಕರಿಯ ಬಣ್ಣದವಳು, ಅಲಂಕಾರ ಮಾಡಲು ಬಂದ ಹೆಂಗಸು ಹಚ್ಚಿದ್ದ ಬಿಳಿಯ ಪುಡಿಯನ್ನು ಕತ್ತಿನ ಹತ್ತಿರ ಸೀರೆಯಂಚಿನಲ್ಲಿ ಒರೆಸಿಕೊಳ್ಳುತ್ತಿದ್ದಳು. ನಾನು ಕೈ ಚಾಚಿದ್ದನ್ನು ಕಂಡು, "ಏನು ಅಂಕಲ್ ನೋಡ್ತಾ ಇದೀರಿ?" ಎಂದು ಕೇಳಿದಳು.

"ನಿನ್ನ ಮೇಲೆ ಎಷ್ಟು ಬೆಳಕು ಬೀಳ್ತಿದೆ ಅಂತಮ್ಮಾ," ಎಂದೆ.