ದೀಪಧರ್ಮ

ದೀಪವು ಜ್ಞಾನಕ್ಕೂ ಕತ್ತಲೆಯು ಅಜ್ಞಾನಕ್ಕೂ ಸಂಕೇತವೆಂದು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಹೀಗಿರಲು, ಬೆಳಕಿನಿಂದ ಪಾಪವುಂಟಾದೀತೆ ಎಂಬ ಪ್ರಶ್ನೆಯು ವಾಚಕಮಹಾಶಯರಿಗೆ ವಿಚಿತ್ರವಾಗಿ ತೋರಬಹುದು. ಆದರೂ ಅದು ವಿಚಾರಾರ್ಹವೆಂಬುದನ್ನು ಹೊಳೆನೀರಿನ ಕ್ಷುದ್ರಜೀವಿಗಳು ನಮಗೆ ತಿಳಿಸಿಕೊಡುತ್ತಿವೆ.

ಹರಿಯುವ ಹಳ್ಳಗಳಲ್ಲಿ ವಾಸಿಸುವ ಅನೇಕ ಹುಳುಗಳು ಹಗಲೆಲ್ಲ ಕಲ್ಲುಗಳ ಅಡಿಯಲ್ಲಿ ಅಡಗಿರುತ್ತವೆ. ಕಣ್ಣಿನಿಂದ ಕಂಡು ಬೇಟೆಯಾಡುವ ಮೀನುಗಳ ಭಯವೇ ಇದಕ್ಕೆ ಕಾರಣ. ಕತ್ತಲಾದ ಮೇಲೆ ಅವು ಹೊರಬಂದು ಕಲ್ಲಿನ ಮೇಲಣ ಪಾಚಿಯನ್ನು ಮೇಯುತ್ತವೆ. ಪ್ರವಾಹದಲ್ಲಿ ತೇಲಿ ಕೆಳಗಣ ನೆಲೆಗಳಿಗೆ ಸಾಗುತ್ತವೆ. ದಡದ ಮೇಲೆ ಇರುಳೆಲ್ಲ ದೀಪಗಳು ಉರಿದರೆ ಅವುಗಳ ಪಾಲಿಗೆ ಹಗಲು ಮುಗಿಯುವುದೇ ಇಲ್ಲ, ಸಂಚಾರವು ಕುಗ್ಗುತ್ತದೆ. ನಮಗೆ ಭಯನಿವಾರಕವಾದ ಬೆಳಕೇ ಅವಕ್ಕೆ ಭಯಕಾರಣವಾಗುತ್ತದೆ.

ಹಂಗೆರಿ ದೇಶದ ಡ್ಯಾನ್ಯೂಬ್ ನದಿಯ ನಿದರ್ಶನವು ಇದಕ್ಕಿಂತಲೂ ಮರ್ಮಸ್ಪರ್ಶಿಯಾದುದು. ಅಲ್ಲಿ ಮೇಫ್ಲೈ ಜಾತಿಯ ಹುಳುವೊಂದು ತಿಂಗಳುಗಟ್ಟಲೆ ನದೀತಳದ ಮಣ್ಣಿನಲ್ಲಿ ಬೆಳೆದು, ಬೇಸಗೆಯ ಕೊನೆಯ ಸಂಜೆಗಳಲ್ಲಿ ರೆಕ್ಕೆ ತಳೆದು ಮೇಲೇಳುತ್ತದೆ. ಆ ರೂಪದಲ್ಲಿ ಅದಕ್ಕೆ ಆಹಾರವಿಲ್ಲ. ಆಯುಸ್ಸು ಕೆಲವೇ ಗಳಿಗೆ. ಹೆಣ್ಣುಹುಳುಗಳು ನೀರಿನ ಮೇಲೆಯೇ ಪ್ರವಾಹಕ್ಕೆ ಎದುರಾಗಿ ಹಾರಿಹೋಗಿ ಮೊಟ್ಟೆಯಿಡಬೇಕು. ದಾರಿಯಲ್ಲಿ ಸೇತುವೆಯ ದೀಪಗಳು ಅವನ್ನು ಮೇಲಕ್ಕೆ ಸೆಳೆಯುತ್ತವೆ. ನೀರಿನಿಂದ ಪ್ರತಿಫಲಿಸುವ ಬೆಳಕಿನ ಕಂಪನವು ಬಹುಮಟ್ಟಿಗೆ ನೆಲಕ್ಕೆ ಸಮತಲವಾಗಿರುತ್ತದೆ. ಆ ಲಕ್ಷಣದಿಂದಲೇ ಹುಳುವು ನೀರನ್ನು ಗುರುತಿಸುವುದು. ಡಾಂಬರಿನ ರಸ್ತೆಗೂ ಅದೇ ಲಕ್ಷಣವುಂಟು. ಆದುದರಿಂದ ರಸ್ತೆಯನ್ನೇ ನದಿಯೆಂದು ಬಗೆದು, ಅಲ್ಲಿ ಮೊಟ್ಟೆಯಿಟ್ಟು ಸಾಯುತ್ತವೆ. ಮೊಟ್ಟೆಗಳು ಒಣಗಿ ಸಂತತಿಯು ನಷ್ಟವಾಗುತ್ತದೆ. ಅಲ್ಲಿಯ ವಿಜ್ಞಾನಿಗಳು 2015ರಲ್ಲಿ ಇದನ್ನು ಸವಿವರವಾಗಿ ಪ್ರಕಟಿಸಿದರು.

ದೀಪಕ್ಕೆ ಬೀಳುವ ಪತಂಗವನ್ನು ನಮ್ಮ ಕವಿಗಳು ಮೋಹಾಂಧತೆಗೆ ಉಪಮಾನವಾಗಿ ಹೇಳಿದರು. ಆ ಉಪಮಾನವು ಇಲ್ಲಿ ಸಲ್ಲದು. ಈ ಹುಳುವು ಹೊರಟದ್ದು ಸಂತಾನಕಾರ್ಯಕ್ಕೆ. ನಂಬಿದ್ದು ಅನಾದಿಯಿಂದ ತನ್ನ ಕುಲಕ್ಕೆ ಒದಗಿಬಂದ ಗುರುತನ್ನು. ಆ ಗುರುತನ್ನು ಸುಳ್ಳುಮಾಡಿದವರು ನಾವು. ವೇದಾಂತಿಗಳ ಹಗ್ಗವು ಮಬ್ಬಿನಲ್ಲಿ ಹಾವಾಗಿ ತೋರಿ, ದೀಪ ತಂದೊಡನೆ ಹಗ್ಗವೇ ಆಗುವುದು. ಇಲ್ಲಿಯಾದರೋ ದೀಪವೇ ಭ್ರಮೆಗೆ ಎಳೆದುತರುವುದು.

ಕೊಲ್ಲಬೇಕೆಂದು ನಾವು ದೀಪ ಹಚ್ಚಲಿಲ್ಲ; ಸಂಕಲ್ಪವಿಲ್ಲದೆ ಪಾಪವೆಲ್ಲಿಯದು? ಎಂಬುದು ಪೂರ್ವಪಕ್ಷ. ತಿಳಿಯದಿದ್ದವರೆಗೆ ಈ ಸಮಾಧಾನವು ಸಲ್ಲಬಹುದು. ತಿಳಿದ ಮೇಲೆ ಉದಾಸೀನರಾಗಿದ್ದರೆ ಆ ಉದಾಸೀನವೇ ಸಂಕಲ್ಪವೆನಿಸುತ್ತದೆ. ಹಾಗೆಂದು ಸೇತುವೆಯನ್ನು ಕತ್ತಲೆಯಲ್ಲಿಟ್ಟು ಪಥಿಕರನ್ನು ಅಪಾಯಕ್ಕೆ ಒಡ್ಡತಕ್ಕದ್ದೆಂದು ಯಾರೂ ಹೇಳರು. ಪಥಿಕನಿಗೆ ಬೇಕಾದುದು ಕಾಲಡಿಯ ಬೆಳಕು. ದೀಪಕ್ಕೆ ಮರೆ ಕಟ್ಟಿ ದಾರಿಯ ಮೇಲೆ ಮಾತ್ರ ಬೀಳುವಂತೆ ಮಾಡಿದರೆ ಅವನಿಗೆ ನಷ್ಟವೇನೂ ಇಲ್ಲ. ಜೀವಿಯ ಸ್ವಭಾವವನ್ನರಿತರೆ ಬೇರೆ ಉಪಾಯಗಳೂ ಹೊಳೆಯುವುವು. 2017ರಲ್ಲಿ ಪ್ರಕಟವಾದ ಹಂಗೆರಿಯವರ ಪ್ರಯೋಗದಲ್ಲಿ, ಹಾರಾಟದ ಹೊತ್ತಿಗೆ ನೀರಿನ ಸಮೀಪದಲ್ಲಿ ಪ್ರಖರವಾದ ದೀಪಗಳನ್ನಿಡಲು, ಹುಳುಗಳು ಸೇತುವೆಗೆ ಏರದೆ ನದಿಯ ಮೇಲೆಯೇ ನಿಂತುವು. ಎಡವಿಸಿದ ಬೆಳಕೇ ದಾರಿತೋರಿಸಿತು.

ಆದುದರಿಂದ ದೋಷವು ದೀಪದಲ್ಲಿಲ್ಲ. ಎಷ್ಟು, ಎಲ್ಲಿ, ಯಾವಾಗ ಎಂಬ ವಿವೇಕವಿಲ್ಲದೆ ಅದನ್ನು ಹಚ್ಚುವವರಲ್ಲಿದೆ. ಮುಸ್ಸಂಜೆಯಲ್ಲಿ ದೀಪಕ್ಕೆ ಕೈಮುಗಿಯುವ ಮನೆತನದವರು, ಕೆಲಸ ಮುಗಿದೊಡನೆ ಅದನ್ನು ಆರಿಸುವುದನ್ನೂ ಆಚಾರವೆಂದೇ ಎಣಿಸಬೇಕು. ಇರುಳು ನಮ್ಮೊಬ್ಬರ ಸ್ವತ್ತಲ್ಲ.